ಮಾಂಸಕ್ಕೆ ಹೊಗೆ ಹಾಕುವ ಮೊದಲು ಸೌದೆ ಒಣಗಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಮಾಂಸವನ್ನು ಹೊಗೆಯಲ್ಲಿ ಬೇಯಿಸಲು ಯಾವ ಸೌದೆ ಬೇಕು, ಎಂಥ ಸಾಧನ ಬೇಕು ಎಂಬುದು ಇಂದಿನ ವಿಷಯ. ಮಾಂಸ ಸಂಸ್ಕರಣೆಯ ಪಾಠ ಹೇಳುವುದು ನನ್ನ ಕೆಲಸ. ತರಬೇತಿಗೆ ಬಂದವರು ಕುಳಿತುಕೊಳ್ಳುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: "ಯಾವ ಮರದ ಸೌದೆ ಒಳ್ಳೆಯದು, ಸರ್?" ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದಿಲ್ಲ. ಒಣಗಿದ ಸೌದೆ ಒಳ್ಳೆಯದು. ಮರ ಯಾವುದೆಂಬುದು ಆಮೇಲಿನ ಮಾತು.

ನಮ್ಮ ಮಲೆನಾಡಿನ ಹಳೆಯ ಅಡುಗೆಮನೆಗಳಲ್ಲಿ ಒಲೆಯ ಮೇಲೊಂದು ಅಟ್ಟ ಇರುತ್ತಿತ್ತು. ಮಳೆಗಾಲದಲ್ಲಿ ಹುಳಿಗೆ ಬಳಸುವ ಉಪ್ಪಾಗೆ ಹಣ್ಣಿನ ಸಿಪ್ಪೆ ಒಣಗುತ್ತಿದ್ದದ್ದು ಅಲ್ಲಿ, ಹೊಳೆಮೀನು ಒಣಗುತ್ತಿದ್ದದ್ದು ಅಲ್ಲಿ, ಉಪ್ಪು ಹಚ್ಚಿ ಒಣಗಿಸುವ ಮಾಂಸ, ಅಂದರೆ ಉಪ್ಪುಕಂಡವೂ ಅಲ್ಲೇ. ಈಗ ಗ್ಯಾಸ್ ಬಂದಿದೆ; ಸೌದೆ ಉರಿಸುವ ಮನೆಗಳಲ್ಲೂ ಅಸ್ತ್ರ ಒಲೆ ಎಂಬ ಹೊಗೆರಹಿತ ಒಲೆಯ ಕೊಳವೆ ಹೊಗೆಯನ್ನು ಮಾಡಿನಿಂದಾಚೆ ಕಳಿಸುತ್ತದೆ. ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು. ಅದು ತುಂಬ ಒಳ್ಳೆಯದಾಯಿತು, ಆ ಹೊಗೆ ಮತ್ತೆ ಮನೆಯೊಳಗೆ ಬರಬೇಕಿಲ್ಲ. ಆದರೆ ಅದೇ ಅಟ್ಟದ ಮೇಲೆ ಮುಂದಿನ ತಿಂಗಳ ಸೌದೆಯೂ ಒಣಗುತ್ತಿತ್ತಲ್ಲ, ಅದನ್ನು ನಾವು ಮರೆತೆವು. ಈಗ ಸೌದೆ ಅಂಗಳದ ಮೂಲೆಯಲ್ಲಿ, ಟಾರ್ಪಾಲಿನಡಿ, ನೆಲಕ್ಕೆ ಅಂಟಿಕೊಂಡು ಬಿದ್ದಿರುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ. ಇಂಥ ಕಡೆ ಟಾರ್ಪಾಲಿನಡಿಯ ಸೌದೆ ಹೇಗೆ ಒಣಗೀತು? ಮೇಲಿನ ಮಳೆ ನಿಂತರೂ ಕೆಳಗಿನ ನೆಲದ ತೇವ ನಿಲ್ಲುವುದಿಲ್ಲ.

ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ನೀರು ಕುದಿದು ಆವಿಯಾಗುವುದು 100 ಡಿಗ್ರಿಯಲ್ಲಿ. ಆ ನೀರು ಹೋಗುವ ತನಕ ಮರದ ಬಿಸಿ ಅದಕ್ಕಿಂತ ಮೇಲೇರದು. ಹೊಗೆಗೆ ಪರಿಮಳ ಬರುವುದು ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಒಡೆದಾಗ. ಅದು ಚೆನ್ನಾಗಿ ಒಡೆಯಲು 300 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಹಸಿ ಸೌದೆಯ ಬೆಂಕಿ ತನ್ನ ಶಕ್ತಿಯನ್ನೆಲ್ಲ ನೀರು ಕಾಯಿಸುವುದಕ್ಕೇ ಕಳೆದುಕೊಳ್ಳುತ್ತದೆ. ಹಾಗಾಗಿ ಅರೆಬರೆ ಉರಿದ ದಟ್ಟ ಬಿಳಿ ಹೊಗೆ ಏಳುತ್ತದೆ, ಅದರಲ್ಲಿ ಟಾರು ತುಂಬಿರುತ್ತದೆ, ಅದು ತಣ್ಣಗಿನ ಮಾಂಸದ ಮೇಲೆ ಹೋಗಿ ಕೂರುತ್ತದೆ. ಬಾಯಿಗಿಟ್ಟರೆ ಕಹಿ, ನಾಲಿಗೆ ಜೋಮು. ಇದಕ್ಕೆ ಮಸಾಲೆಯ ಪರಿಹಾರ ಇಲ್ಲ.

ಒಂದು ಘಟನೆ ಹೇಳುತ್ತೇನೆ. ಬಾಳೆಹೊನ್ನೂರಿನ ಹತ್ತಿರದ ಒಂದು ಕಾಫಿ ತೋಟ. ಕೊಯ್ಲು ಮುಗಿದು ಕಸಿ, ಅಂದರೆ ಗಿಡಮರಗಳ ರೆಂಬೆ ಸವರುವ ಕೆಲಸವೂ ಮುಗಿದಿತ್ತು. ತೋಟದ ಯಜಮಾನರು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದ ಡ್ರಮ್ಮು ನಿಜಕ್ಕೂ ಚೆಂದವಾಗಿತ್ತು. ಕೆಳಗೆ ಗಾಳಿಕಿಂಡಿ, ಮೇಲೆ ಹೊಗೆಕಿಂಡಿ, ಮಧ್ಯೆ ಸ್ಟೀಲಿನ ಜಾಲರಿ, ಬಾಗಿಲಿಗೆ ಬಿಗಿಯಾದ ಚಿಲಕ. ಹಂದಿಮಾಂಸದ ದೊಡ್ಡ ತುಂಡುಗಳಿಗೆ ಹಿಂದಿನ ರಾತ್ರಿಯೇ ಉಪ್ಪು, ಕಾಳುಮೆಣಸು ಹಚ್ಚಿಟ್ಟಿದ್ದರು. ಬಂಧುಬಳಗವೆಲ್ಲ ಸೇರಿತ್ತು. ಬೆಳಿಗ್ಗೆ ಹಚ್ಚಿದ ಬೆಂಕಿ ಮಧ್ಯಾಹ್ನದ ಹೊತ್ತಿಗೆ ತೋಟವನ್ನೆಲ್ಲ ಬಿಳಿ ಹೊಗೆಯಲ್ಲಿ ಮುಳುಗಿಸಿತ್ತು. ನೋಡಿದವರೆಲ್ಲ "ಆಹಾ, ಎಂಥ ಹೊಗೆ!" ಎಂದು ಹೊಗಳುತ್ತಿದ್ದರು. ನನಗೆ ಆಗಲೇ ತಳಮಳ.

ಬಾಗಿಲು ತೆರೆದಾಗ ಮಾಂಸ ಕರ್ರಗೆ ಮಿರಮಿರ ಮಿಂಚುತ್ತಿತ್ತು. ಮೊದಲ ತುಂಡನ್ನು ಮಕ್ಕಳಿಗೆ ಕೊಟ್ಟರು; ಮಕ್ಕಳು ಉಗುಳಿದರು. ಆಮೇಲೆ ಶುರುವಾಯಿತು ಚರ್ಚೆ. "ಪೇರಲೆ ಸೌದೆ ಇದಕ್ಕೆ ಆಗಿಬರುವುದಿಲ್ಲ ಭಾವ, ಹಲಸಿನದು ಹಾಕಬೇಕಿತ್ತು" ಎಂದರು ಯಜಮಾನರ ಬಾಮೈದ. ಇನ್ನೊಬ್ಬರು ಮಾವಿನದೇ ಸರಿ ಎಂದರು. ಅಮೆರಿಕದ ಹಿಕರಿ ಮರದ ಚಕ್ಕೆಯನ್ನು ಪೊಟ್ಟಣದಲ್ಲಿ ತರಿಸಿಕೊಳ್ಳಬಹುದು ಎಂದು ಮೊಬೈಲಿನಲ್ಲಿ ಬೆಲೆ ತೋರಿಸಿದವರೂ ಇದ್ದರು. ಸೌದೆ ಯಾವಾಗ ಕಡಿದದ್ದು ಎಂದು ಮಾತ್ರ ಯಾರೂ ಕೇಳಲಿಲ್ಲ.

ನಾನು ಡ್ರಮ್ಮಿನ ಕೆಳಬಾಗಿಲು ತೆಗೆದು ಬಗ್ಗಿ ನೋಡಿದೆ. ಉರಿಯುತ್ತಿದ್ದ ಕೊರಡಿನ ಹೊರತುದಿಯಲ್ಲಿ ಕಂದು ಬಣ್ಣದ ನೊರೆ ಸುಂಯ್ ಎಂದು ಉಕ್ಕಿ, ಗುಳ್ಳೆ ಒಡೆದು, ಬೂದಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಮೇಲಿನ ಮುಚ್ಚಳದ ಒಳಮೈಯಲ್ಲಿ ಅದೇ ಬಣ್ಣದ ಹನಿಗಳು ಸಾಲಾಗಿ ನೇತಾಡುತ್ತಿದ್ದವು. ಒಂದೊಂದೇ ಜಾರಿ ನೇರವಾಗಿ ಮಾಂಸದ ಮೇಲೆ ಬೀಳುತ್ತಿದ್ದವು. ಮಾಂಸ ಮಿಂಚುತ್ತಿದ್ದದ್ದು ಆ ಟಾರಿನಿಂದ. ಸೌದೆ ಆ ವರ್ಷದ ಕಸಿಯಲ್ಲಿ ಕಡಿದ ಹಸಿ ಪೇರಲೆ ಮತ್ತು ಕಾಫಿ ಕಟ್ಟಿಗೆ.

ಬಚ್ಚಲೊಲೆಯ ಅಟ್ಟದ ಮೇಲೆ ಹಿಂದಿನ ವರ್ಷದ ಸೌದೆ ಇತ್ತು. ಅದೇ ತೋಟದ್ದು, ಅದೇ ಪೇರಲೆ, ಅದೇ ಕಾಫಿ. ಡ್ರಮ್ಮನ್ನು ಖಾಲಿ ಮಾಡಿಸಿ, ಒಳಗನ್ನು ಉಜ್ಜಿಸಿ, ತೆಂಗಿನ ಕರಟದ ಇದ್ದಿಲಿನ ಕೆಂಡ ಹರಡಿ, ಅದರ ಮೇಲೆ ಆ ಹಳೆಯ ಸೌದೆಯ ಎರಡು ತುಂಡು ಇಟ್ಟೆವು. ಹೊಗೆ ಕಂಡೂ ಕಾಣದ ಹಾಗೆ, ತೆಳ್ಳಗೆ, ನೀಲಿಯಾಗಿ ಹೊರಟಿತು. "ಹೊಗೆಯೇ ಬರುತ್ತಿಲ್ಲವಲ್ಲ, ಸರ್, ಇನ್ನೂ ನಾಲ್ಕು ಕೊರಡು ತುಂಬೋಣ" ಎಂದು ಬಾಮೈದನಿಗೆ ಒಂದೇ ಅವಸರ. ಬೇಡವೆಂದು ತಡೆಯಬೇಕಾಯಿತು. ಸಂಜೆಗೆ ಉಳಿದಿದ್ದ ಮಾಂಸ ಬೆಂದಾಗ ಅದರ ಬಣ್ಣ ಹದವಾದ ಕೆಂಗಂದು. ಮಧ್ಯಾಹ್ನ ಉಗುಳಿದ್ದ ಮಕ್ಕಳೇ ತಟ್ಟೆ ಹಿಡಿದು ಮತ್ತೆ ಬಂದರು. ಮರ ಬದಲಾಗಲಿಲ್ಲ, ಡ್ರಮ್ಮು ಬದಲಾಗಲಿಲ್ಲ, ಮಾಂಸ ಬದಲಾಗಲಿಲ್ಲ. ನೀರು ಹೋಗಿತ್ತು, ಅಷ್ಟೇ.

ಹಾಗಾದರೆ ಸೌದೆ ಒಣಗಿದೆಯೆಂದು ತಿಳಿಯುವುದು ಹೇಗೆ? ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯಿರಿ. ಟಣ್ ಎಂದರೆ ಒಣಗಿದೆ, ದಬ್ ಎಂದರೆ ಹಸಿ. ಕತ್ತರಿಸಿದ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರಬೇಕು, ತೊಗಟೆ ಸಲೀಸಾಗಿ ಕಳಚಿಕೊಳ್ಳಬೇಕು. ಇನ್ನೂ ನಂಬಿಕೆ ಬಾರದಿದ್ದರೆ ಅಡಿಕೆ ತೂಗುವ ತಕ್ಕಡಿ ಇದೆಯಲ್ಲ, ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ಗೋಡೆಯ ಮೇಲೆ ಬರೆದಿಡಿ. ತೂಕ ಇಳಿಯುವುದು ನಿಂತಾಗ ಸೌದೆ ಸಿದ್ಧ. ಬೆಂಕಿ ಹಚ್ಚಿದ ಮೇಲೆ ಕೈ ಪದೇ ಪದೇ ಊದುಗೊಳವೆಗೆ ಹೋಗುತ್ತಿದ್ದರೆ ಬೇರೆ ಪರೀಕ್ಷೆಯೇ ಬೇಡ.

ಒಣಗಿಸುವ ಕ್ರಮವೂ ಸರಳ. ಚಳಿಗಾಲದಲ್ಲೇ ಕಡಿಯಿರಿ, ಕಡಿದ ಕೂಡಲೇ ಸೀಳಿರಿ. ಸೀಳದ ದುಂಡು ಕೊರಡಿನ ನೀರನ್ನು ತೊಗಟೆ ಹಿಡಿದಿಟ್ಟುಕೊಳ್ಳುತ್ತದೆ. ಮಣಿಕಟ್ಟಿನ ದಪ್ಪ ಸಾಕು. ನೆಲದಿಂದ ಒಂದು ಗೇಣು ಎತ್ತರಿಸಿ, ಗಾಳಿಯಾಡುವಂತೆ ಅಡ್ಡ ಉದ್ದ ಪೇರಿಸಿ, ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕಗಳನ್ನು ಮುಚ್ಚಬೇಡಿ. ಬೇಸಿಗೆಯ ಬಿಸಿಲು ಪೂರ್ತಿ ಸಿಗಲಿ. ಮುಂಗಾರು ಹಿಡಿಯುವ ಮೊದಲು ಒಳಗೆ ಸಾಗಿಸಿ, ಬಚ್ಚಲೊಲೆ ಇರುವವರು ಅದರ ಅಟ್ಟಕ್ಕೇರಿಸಿ.

ಇನ್ನು ಕೆಲವರು ಒಣಗಿದ ಚಕ್ಕೆಯನ್ನು ಬಳಸುವ ಮುನ್ನ ನೀರಿನಲ್ಲಿ ನೆನೆಸುತ್ತಾರೆ. ವಿಡಿಯೊದಲ್ಲಿ ನೋಡಿದ್ದಂತೆ. ದಯವಿಟ್ಟು ಬೇಡ. ಆರು ತಿಂಗಳು ಕಾದು ಹೊರಗೆ ಹಾಕಿದ ನೀರನ್ನು ಅರ್ಧ ಗಂಟೆಯಲ್ಲಿ ಮತ್ತೆ ಸೇರಿಸುವುದರಲ್ಲಿ ಏನು ಅರ್ಥವಿದೆ? ಅದರಿಂದ ಏಳುವುದು ಆವಿ, ಹೊಗೆಯಲ್ಲ.

ಮರದ ಮಾತು ಈಗ. ಪೇರಲೆ, ಮಾವು, ಹಲಸು, ಕಾಫಿ, ಹುಣಸೆ, ಇವುಗಳಲ್ಲಿ ಹಿತ್ತಲಲ್ಲಿ ಯಾವುದು ಸಿಗುತ್ತದೋ ಅದು. ಅದಕ್ಕಾಗಿ ಕಾಡಿಗೆ ಕೊಡಲಿ ಹಾಕಬೇಡಿ, ತೋಟದ ಕಸಿಯ ಕಟ್ಟಿಗೆಯೇ ಧಾರಾಳ. ಎಣ್ಣೆ ಮತ್ತು ರಾಳ ತುಂಬಿದ ನೀಲಗಿರಿ, ಪೈನ್ ಬೇಡ. ಸೊನೆ ತಾಗಿದರೆ ಮೈಮೇಲೆ ಗುಳ್ಳೆ ಏಳಿಸುವ ಕಾಡುಗೇರಿನ ಜಾತಿಯ ಮರಗಳನ್ನು, ವಿಷದ ಕಾಸರಕ ಮತ್ತು ಕಣಗಿಲೆಯನ್ನು ಬೆಂಕಿಯ ಹತ್ತಿರಕ್ಕೂ ತರಬೇಡಿ. ಗೇರುಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆ, ಆದರೆ ಅದರ ಎಣ್ಣೆ ಚರ್ಮ ಸುಡುವಂಥದ್ದು, ಅದೂ ಬೇಡ. ಪ್ಲೈವುಡ್, ಬಣ್ಣ ಬಳಿದ ಹಳೆಯ ಕಿಟಕಿ ಬಾಗಿಲು, ಬಡಗಿ ಅಂಗಡಿಯ ಮಿಶ್ರ ಹೊಟ್ಟು ಸುತರಾಂ ಬೇಡ.

ಸಾಧನದ ಬಗ್ಗೆ ಹೇಳಲು ಬಹಳ ಇತ್ತು, ಸಮಯ ಕಡಿಮೆ ಉಳಿದಿದೆ. ದುಬಾರಿ ಯಂತ್ರ ಬೇಕಿಲ್ಲ. ಕೆಳಗೆ ಗಾಳಿ ಒಳಬರುವ ಕಿಂಡಿ, ಮೇಲೆ ಹೊಗೆ ಹೊರಹೋಗುವ ಕಿಂಡಿ, ನಡುವೆ ಜಾಲರಿ, ಮುಚ್ಚಳ. ಇಟ್ಟಿಗೆ ಪೇರಿಸಿದ ಗೂಡಾದರೂ ಆದೀತು. ಬೆಂಕಿಯ ಹದವನ್ನು ಕೆಳಗಿನ ಕಿಂಡಿಯಲ್ಲಿ ಹಿಡಿಯಿರಿ, ಮೇಲಿನದನ್ನು ಎಂದೂ ಮುಚ್ಚಬೇಡಿ. ಹೊಗೆ ಹರಿಯುತ್ತಲೇ ಇರಬೇಕು. ಸತುವಿನ ಲೇಪವಿರುವ ತಗಡು, ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ಮು ಬಳಸಬಾರದು. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್ ಕೊಳ್ಳಿ. ಗೂಡಿನೊಳಗೆ 110ರಿಂದ 120 ಡಿಗ್ರಿ, ಮಾಂಸದ ನಡುಭಾಗದಲ್ಲಿ 75 ಡಿಗ್ರಿ. ಕೋಳಿಗೂ ಅಷ್ಟೇ, ಹಂದಿಗೂ ಅಷ್ಟೇ. ಉಪ್ಪು ಕಿಲೋ ಮಾಂಸಕ್ಕೆ 20ರಿಂದ 25 ಗ್ರಾಂ. ಒಲೆಗಿಡುವ ಮುನ್ನ ಮಾಂಸದ ಮೇಲ್ಮೈ ಒರೆಸಿ ಆರಿಸಿ. ಅಲ್ಲಿಯೂ ನೀರು ಬೇಡ.

ಇಷ್ಟೆಲ್ಲ ಮನೆಯ ಹೊರಗೇ ನಡೆಯಲಿ. ಮಳೆ ಬಂತೆಂದು ಕೆಂಡದ ಗೂಡನ್ನು ಮುಚ್ಚಿದ ಕೋಣೆಯೊಳಗೆ ಎಳೆದುಕೊಳ್ಳಬೇಡಿ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಮತ್ತೆ, ಹೀಗೆ ಕೆಲವು ಗಂಟೆ ಹೊಗೆಯಲ್ಲಿ ಬೆಂದ ಮಾಂಸ ನಮ್ಮ ಹಿರಿಯರ ಉಪ್ಪುಕಂಡದಂತೆ ತಿಂಗಳುಗಟ್ಟಲೆ ಉಳಿಯುವುದಿಲ್ಲ. ಅದನ್ನು ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದೊಳಗೆ ತಿಂದು ಮುಗಿಸಿ.

ನಮಸ್ಕಾರ.