ಅವ್ವನ ಉಂಗುರ ಬಿಳಿಯಾದ ಕಥೆ

ಈ ವಿಡಿಯೊದಲ್ಲಿ ನೀವು ನೋಡುತ್ತಿರುವುದು ಬೀದರ್ ಕೋಟೆಯ ಕಂದಕ. ಬೆಳಿಗ್ಗೆ ಏಳು ಗಂಟೆ. ಅಲ್ಲಿ ನಿಂತು ಆಡಿದ ಮಾತನ್ನೆಲ್ಲ ಗಾಳಿ ನುಂಗಿತು. ಹಾಗಾಗಿ ಮನೆಗೆ ಬಂದು, ಫ್ಯಾನ್ ಆರಿಸಿ, ಬೆವರುತ್ತ ಮತ್ತೆ ಹೇಳುತ್ತಿದ್ದೇನೆ: ಜ್ವಾಲಾಮುಖಿಗಳು ಗಾಳಿಗೆ ಬಿಡುವ ಪಾದರಸದ ಕಥೆ.

ಕಲ್ಲನ್ನು ಹತ್ತಿರದಿಂದ ನೋಡಿ. ತೂತು ತೂತಾದ ಈ ಕೆಂಪು ಜಂಬಿಟ್ಟಿಗೆ ಒಂದು ಕಾಲದ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು, ಪದರದ ಮೇಲೆ ಪದರವಾಗಿ ಹರಿದ ಲಾವಾ ಆರಿ ಕಪ್ಪು ಕಲ್ಲಾಯಿತು. ಆ ಕಲ್ಲಿನ ಮೇಲ್ಭಾಗವೇ ಲಕ್ಷಾಂತರ ವರ್ಷ ಮಳೆಬಿಸಿಲಿಗೆ ಸವೆದು ಹೀಗೆ ಕೆಂಪಾಗಿದೆ. ಕಲ್ಲು ಇಲ್ಲೇ ಉಳಿಯಿತು. ಅದರೊಳಗಿನ ಪಾದರಸ ಮಾತ್ರ ನಿಲ್ಲದೆ ಹಾರಿಹೋಯಿತು.

ಹೇಗೆ ಹಾರಿತು ಎನ್ನುವುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ.

ಆರನೆಯ ತರಗತಿಯಲ್ಲಿದ್ದಾಗ ಶಾಲೆ ತಪ್ಪಿಸಲು ಜ್ವರ ಬೇಕಾಗಿತ್ತು. ಥರ್ಮಾಮೀಟರನ್ನು ಬಿಸಿ ಚಹಾದಲ್ಲಿ ಅದ್ದಿದೆ. ಅದು ಟಕ್ಕೆಂದು ಒಡೆಯಿತು. ಕಪ್ಪಿನ ತಳದಲ್ಲಿ ಉರುಳಾಡುತ್ತಿದ್ದ ಪಾದರಸದ ಹನಿಗಳನ್ನು ಅವ್ವ ಬರಿಗೈಯಿಂದಲೇ ಎತ್ತಿದಳು. ಸಂಜೆ ನೋಡಿದರೆ ಅವಳ ಬಂಗಾರದ ಉಂಗುರ ಅರ್ಧ ಬಿಳಿ!

ಓಣಿಯ ಪತ್ತಾರ ಕಾಕಾ ನಕ್ಕರು. "ಪಾದರಸಕ್ಕೆ ಬಂಗಾರ ಕಂಡರೆ ಬಿಡಲಾಗದು, ತಂಗಿ. ಕಾಯಿಸಿದರೆ ತಾನೇ ಎದ್ದು ಹೋಗುತ್ತದೆ" ಎಂದು ಊದುಗೊಳವೆ ಹಿಡಿದರು. ಬಿಳಿ ಹೋಯಿತು. ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಆ ಪುಟ್ಟ ಅಂಗಡಿಯಲ್ಲಿ ಮೂವರೂ ಅದರ ಆವಿಯನ್ನೇ ಉಸಿರಾಡುತ್ತ ನಿಂತಿದ್ದೆವು. ನೀವು ಹೀಗೆ ಮಾಡಬೇಡಿ. ಆ ಆವಿ ನರಗಳಿಗೂ ಮೂತ್ರಪಿಂಡಕ್ಕೂ ವಿಷ.

ಜ್ವಾಲಾಮುಖಿಯ ಕೆಲಸವೂ ಕಾಕಾನ ಕೆಲಸವೇ. ಪಾದರಸ 357 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಕರಗಿದ ಶಿಲೆಯ ಬಿಸಿ ಸಾವಿರ ಡಿಗ್ರಿಯ ಆಸುಪಾಸು. ಅದರಲ್ಲಿ ಅಣುಮಾತ್ರವಿರುವ ಪಾದರಸ ನೀರಾವಿ, ಸಲ್ಫರ್ ಡೈಆಕ್ಸೈಡ್‌ಗಳ ಜೊತೆ ಎದ್ದು ಹೋಗುತ್ತದೆ. ಸ್ಫೋಟವೇ ಆಗಬೇಕೆಂದಿಲ್ಲ. ಇಟಲಿಯ ಎಟ್ನಾ, ನಿಕರಾಗುವಾದ ಮಸಾಯಾ ಸುಮ್ಮನೆ ಹೊಗೆಯಾಡುತ್ತಿರುವಾಗಲೂ ಅದು ಹೊರಬೀಳುತ್ತಿರುತ್ತದೆ.

ಅದನ್ನು ಅಳೆಯುವ ಬಗೆ ಓದಿದ ದಿನ ನಾನು ಒಬ್ಬನೇ ನಕ್ಕೆ. ಕುಳಿಯ ಅಂಚಿನಲ್ಲಿ ಸಣ್ಣ ಪಂಪಿಟ್ಟು, ಬಂಗಾರ ಲೇಪಿಸಿದ ಕಾಳುಗಳಿರುವ ಕೊಳವೆಯ ಮೂಲಕ ಹೊಗೆಯನ್ನು ಎಳೆಯುತ್ತಾರೆ. ಪಾದರಸ ಬಂಗಾರಕ್ಕೆ ಅಂಟುತ್ತದೆ. ಆಮೇಲೆ ಕೊಳವೆಯನ್ನು ಕಾಯಿಸಿದರೆ ಎದ್ದು ಬರುತ್ತದೆ. ಬಂದ ಆವಿಯನ್ನು ನೇರಳಾತೀತ ಬೆಳಕಿನಿಂದ ಅಳೆಯುತ್ತಾರೆ. ಅವ್ವನ ಉಂಗುರ, ಕಾಕಾನ ಊದುಗೊಳವೆ, ಎರಡೂ ಅದರಲ್ಲಿವೆ!

ಒಟ್ಟು ಲೆಕ್ಕ ಅಷ್ಟು ಸಲೀಸಲ್ಲ. ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್‌ಗೆ ಪಾದರಸದ ಪ್ರಮಾಣ ಎಷ್ಟೆಂದು ನೋಡಿ, ಅದನ್ನು ವರ್ಷಕ್ಕೆ ಹೊರಬೀಳುವ ಸಲ್ಫರ್ ಡೈಆಕ್ಸೈಡ್‌ನ ಮೊತ್ತಕ್ಕೆ ಗುಣಿಸಿ ಪಾದರಸದ ಮೊತ್ತ ತೆಗೆಯುತ್ತಾರೆ. ಆ ಪ್ರಮಾಣ ಒಂದೊಂದು ಪರ್ವತದಲ್ಲಿ ಒಂದೊಂದು ಥರ. ಹೀಗಾಗಿ ಜಗತ್ತಿನ ಜ್ವಾಲಾಮುಖಿಗಳ ವಾರ್ಷಿಕ ಅಂದಾಜು ನೂರು ಟನ್ನಿಗೂ ಕಡಿಮೆಯಿಂದ 700 ಟನ್ನಿನವರೆಗೆ ಓಲಾಡುತ್ತದೆ.

"ಬೆಟ್ಟಗಳೇ ಉಗುಳುತ್ತಿರುವಾಗ ನಾವು ಚೂರು ಪಾದರಸವಿರುವ ಒಂದು ಟ್ಯೂಬ್‌ಲೈಟ್ ಒಡೆದರೆ ಏನಾಯಿತು?" ಎನ್ನುತ್ತಾರೆ ನಮ್ಮ ಮಾಮಾ. ಮಾಮಾ, ವಿಶ್ವಸಂಸ್ಥೆಯ ಲೆಕ್ಕದಲ್ಲಿ 2015ರಲ್ಲಿ ಮನುಷ್ಯರು ಗಾಳಿಗೆ ಬಿಟ್ಟದ್ದು ಸುಮಾರು 2,220 ಟನ್. ಎಲ್ಲಕ್ಕಿಂತ ಹೆಚ್ಚಿನ ಪಾಲು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಿಂದ. ಅಲ್ಲಿಯೂ ಪಾದರಸದಿಂದ ಬಂಗಾರ ಹಿಡಿದು, ಕಾಯಿಸಿ ಬಿಡುವುದೇ. ಅದರ ನಂತರ ಕಲ್ಲಿದ್ದಲು. ಪಕ್ಕದ ಕಲಬುರಗಿ ಜಿಲ್ಲೆಗೆ ಚೆನ್ನಾಗಿ ಗೊತ್ತಿರುವ ಸಿಮೆಂಟ್ ಉದ್ಯಮವೂ ಪಟ್ಟಿಯಲ್ಲಿದೆ. ಸುಣ್ಣದ ಕಲ್ಲನ್ನು ಸುಡುವಾಗ ಅದರಲ್ಲಿದ್ದದ್ದೂ ಏಳುತ್ತದೆ.

ಹಾಗೆ ಎದ್ದದ್ದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಗಾಳಿಯಲ್ಲಿ ತೇಲಬಲ್ಲದು. ಎಲ್ಲೋ ಏಳುತ್ತದೆ, ಎಲ್ಲೋ ಇಳಿಯುತ್ತದೆ. ನೀರಿಗೆ ಇಳಿದರೆ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸ ಎಂಬ ಇನ್ನೂ ಘೋರ ವಿಷವಾಗಿಸುತ್ತವೆ. ಅಲ್ಲಿಂದ ಮೀನಿಗೆ, ಮೀನಿನಿಂದ ತಟ್ಟೆಗೆ.

ಈ ಕಂದಕದ ಕಲ್ಲಿನಿಂದ ಎದ್ದದ್ದು ಎಲ್ಲಿ ಇಳಿಯಿತು? ಡೈನೋಸಾರ್‌ಗಳು ಅಳಿದ ಕಾಲದ ಕೆಸರು ಪದರಗಳಲ್ಲಿ, ಫ್ರಾನ್ಸಿನ ಒಂದು ಕರಾವಳಿಯಲ್ಲಿ, ಪಾದರಸ ಹೆಚ್ಚಿರುವುದನ್ನು 2016ರಲ್ಲಿ ಸಂಶೋಧಕರು ವರದಿ ಮಾಡಿದರು. ಅದನ್ನು ದಖ್ಖನ್ನಿನ ಜ್ವಾಲಾಮುಖಿಗಳ ಗುರುತೆಂದು ಅವರು ಓದಿದರು. ಆ ಊರಿನ ಹೆಸರು ಬಿದಾರ್ಟ್. ಬೀದರ್‌ಗೆ ಒಂದು ಬಾಲ ಅಂಟಿಸಿದಂತಿದೆ, ಅಷ್ಟೇ. ನಂಬದಿದ್ದರೆ ನಕ್ಷೆಯಲ್ಲಿ ಹುಡುಕಿ.

ಇದು ಅವ್ವನ ಕೈ. ಮುಖ ಬೇಡವೆಂದಳು. ಉಂಗುರದ ಎಡಬದಿಯಲ್ಲಿ ಸಣ್ಣಗೆ ತರಿತರಿ ಕಾಣುತ್ತದಲ್ಲ, ಪಾದರಸ ಹತ್ತಿದ್ದು ಅಲ್ಲೇ. ಚಿತ್ರೀಕರಣ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಚಹಾದಲ್ಲಿ ಅದ್ದಿದ್ದನ್ನೂ ಹೇಳಿದೆಯೋ ಇಲ್ಲವೋ?"