ಐ.ಜಿ. ರೋಡಲ್ಲಿ ಸಿಕ್ಕ ಇಂದಿರಮ್ಮನ ಎಂಟಾಣೆ

ಹೋದ ವಾರ ನಂಗೆ ಎಂಟಾಣೆ ಮೋಸ ಆಯ್ತು. ಬೇಜಾರೇನಿಲ್ಲ, ಖುಷಿಯಾಗಿದೀನಿ.

ಚಿಕ್ಕಮಗಳೂರಿನ ಐ.ಜಿ. ರೋಡಲ್ಲಿ ಒಂದು ದಿನಸಿ ಅಂಗಡಿ. ಸಂಜೆ ಹೊತ್ತು, ಮಳೆ ಬೇರೆ. ಬಿಲ್ಲು 39 ರೂಪಾಯಿ. ಫೋನ್ ತೆಗೆದು ಎರಡು ಸಲ ಸ್ಕ್ಯಾನ್ ಮಾಡ್ದೆ, ಚಕ್ರ ತಿರುಗ್ತಾನೇ ಇತ್ತು, ದುಡ್ಡು ಬಂತು ಅಂತ ಕೂಗೋ ಪೆಟ್ಟಿಗೆ ಬಾಯಿ ಬಿಡ್ಲಿಲ್ಲ. ಕೊನೆಗೆ ಜೇಬಲ್ಲಿದ್ದ ಎರಡು ಇಪ್ಪತ್ತರ ನೋಟು ಕೊಟ್ಟೆ. ಅಂಗಡಿಯಣ್ಣ ಗಲ್ಲಾಕ್ಕೆ ಕೈ ಹಾಕಿ, ನೋಡದೇನೇ ಒಂದು ರೂಪಾಯಿ ಅಂತ ಒಂದು ಬಿಲ್ಲೆ ಕೊಟ್ರು. ನಾನೂ ನೋಡದೇನೇ ಜೇಬಿಗೆ ಹಾಕ್ಕೊಂಡೆ. ಮನೆಗೆ ಬಂದು ಪ್ಯಾಂಟು ಒಗೆಯೋಕೆ ಹಾಕುವಾಗ ಕೈಗೆ ಸಿಕ್ತು. ರೂಪಾಯಿ ಅಲ್ಲ, 50 ಪೈಸೆ. ಒಂದು ಕಡೆ ಸಿಂಹ. ತಿರುಗಿಸಿದ್ರೆ ಇಂದಿರಾ ಗಾಂಧಿ ಮುಖ, ಜೊತೆಗೆ 1917, 1984.

ಐ.ಜಿ. ರೋಡ್ ಅಂದ್ರೆ ಇಂದಿರಾ ಗಾಂಧಿ ರೋಡ್ ಕಣ್ರೀ! ದಿನಾ ಓಡಾಡೋ ನಮಗೇ ಅದು ಮರೆತುಹೋಗಿದೆ. ಅವರ ಹೆಸರಿನ ರಸ್ತೆಯಲ್ಲಿ, ಅವರದೇ ಮುಖದ ನಾಣ್ಯ, ಅದೂ ರೂಪಾಯಿ ವೇಷ ಹಾಕ್ಕೊಂಡು ನನ್ನ ಕೈಗೆ ಬಂತು.

ಅಜ್ಜಿಗೆ ತೋರಿಸ್ದೆ. ಕಣ್ಣಿಗೆ ಹತ್ರ ಹಿಡ್ಕೊಂಡು, "ಓ, ಇಂದಿರಮ್ಮ" ಅಂದ್ರು. ಆಮೇಲೆ ಅರ್ಧ ಗಂಟೆ ನಿಲ್ಲಿಸ್ಲಿಲ್ಲ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದು, ಇಲ್ಲಿನ ಎಂಪಿ ಆಗಿದ್ದ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟಿದ್ದು, 1978ರ ನವೆಂಬರಲ್ಲಿ ವೀರೇಂದ್ರ ಪಾಟೀಲರ ಎದುರು ಇಲ್ಲಿ ನಿಂತು ಗೆದ್ದಿದ್ದು, ಮಾರನೇ ತಿಂಗಳೇ ಲೋಕಸಭೆಯಿಂದ ಉಚ್ಚಾಟನೆ ಆಗಿದ್ದು, ಎಲ್ಲ ಬಂತು. ನಡುವೆ ತೋಟದ ಬಟವಾಡೆ ದಿನದ ಕಥೆನೂ ಬಂತು: ಆಳುಗಳಿಗೆ ವಾರದ ಲೆಕ್ಕ ಚುಕ್ತಾ ಮಾಡೋಕೆ ಚಿಲ್ಲರೆ ಸಾಲದೆ, ಪೇಟೆಗೆ ಚೀಲ ಕೊಟ್ಟು ಕಳಿಸ್ತಿದ್ರಂತೆ. ಎಂಟಾಣೆ ಬಿಲ್ಲೆಯೊಂದಕ್ಕೆ ಇಷ್ಟು ಮಾತು. ನಾನು ಫೋನಲ್ಲಿ 39 ರೂಪಾಯಿ ಹಾಕಿದ್ದಿದ್ರೆ ಇದ್ಯಾವುದೂ ಇಲ್ಲ.

ಈಗ ನನ್ನ ತಕರಾರು. ಚಿಲ್ಲರೆ ಕಂಡ್ರೆ ನಮಗೆ ಎರಡೇ ಮಾತು ಬರುತ್ತೆ. ಒಂದು, "ಬೇಡ, ಇದು ನಡೆಯಲ್ಲ." ಇನ್ನೊಂದು, "ಇದಕ್ಕೆ ಲಕ್ಷ ಕೊಡ್ತಾರಾ?" ನಡುವೆ ಒಂದು ಸಲ ತಿರುಗಿಸಿ, ಏನು ಬರೆದಿದೆ ಅಂತ ಓದೋ ಕೆಲಸ ಇದೆಯಲ್ಲ, ಅದನ್ನ ಮಾತ್ರ ಯಾರೂ ಮಾಡಲ್ಲ.

ಮೊದಲು ಆ "ನಡೆಯಲ್ಲ" ಅನ್ನೋದು. ಎಂಟಾಣೆಯನ್ನ ಸರ್ಕಾರ ರದ್ದು ಮಾಡಿದೆ ಅಂತ ತುಂಬ ಜನ ನಂಬಿದಾರೆ. ಮಾಡಿಲ್ಲ. 2011ರ ಜೂನ್ 30ಕ್ಕೆ ಹೋಗಿದ್ದು ನಾಲ್ಕಾಣೆ ಮತ್ತು ಅದರ ಕೆಳಗಿನವು. ಘೇಂಡಾಮೃಗದ ಚಿತ್ರ ಇದ್ದ 25 ಪೈಸೆ, ಅಲೆ ಅಂಚಿನ 10 ಪೈಸೆ, ಆರು ಮೂಲೆಯ 20 ಪೈಸೆ, ಅವು ಹೋದ್ವು. 50 ಪೈಸೆ ಇವತ್ತಿಗೂ ಕಾನೂನಿನ ಪ್ರಕಾರ ದುಡ್ಡೇ. ಹತ್ತು ರೂಪಾಯಿವರೆಗಿನ ಲೆಕ್ಕವನ್ನ ಎಂಟಾಣೆಯಲ್ಲೇ ಕೊಡಬಹುದು. ಅದನ್ನ ಕೊಂದಿದ್ದು ನಾವು. ಅಂಗಡಿಯವರು ಚಾಕ್ಲೇಟ್ ಕೊಟ್ಟು, ನಾವು ಅದನ್ನ ತಿಂದು. 10 ರೂಪಾಯಿ ಬಿಲ್ಲೆಗೂ ಇದೇ ಗತಿ ಮಾಡೋಕೆ ಹೊರಟಿದ್ವಿ. ಗೆರೆ ಹತ್ತು ಇದ್ರೆ ಅಸಲಿ, ಹದಿನೈದು ಇದ್ರೆ ನಕಲಿ ಅಂತ ಸುದ್ದಿ ಹಬ್ಬಿಸಿ, ಸಂತೆಯಲ್ಲಿ ಸೊಪ್ಪು ಮಾರೋ ಅಮ್ಮಂದಿರ ಕೈಲಿದ್ದ ದುಡ್ಡನ್ನ ಕಲ್ಲು ಮಾಡಿಬಿಟ್ವಿ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಹೇಳ್ತು, ಅಲ್ಲೀವರೆಗೆ ಬಂದ 14 ವಿನ್ಯಾಸಗಳೂ ಸರಿ, ಎಲ್ಲವೂ ನಡೆಯುತ್ತೆ ಅಂತ. ಬ್ಯಾಂಕ್ ಹೇಳಿದ್ದಕ್ಕಿಂತ ಪಕ್ಕದ ಅಂಗಡಿಯವರು ಹೇಳಿದ್ದೇ ನಮಗೆ ವೇದ.

ಇನ್ನು ಲಕ್ಷದ ಕಥೆ. "ನಿಮ್ಮ ಹತ್ರ ಈ 5 ರೂಪಾಯಿ ಇದೆಯಾ? ಹತ್ತು ಲಕ್ಷ ಗ್ಯಾರಂಟಿ!" ಇಂಥ ವಿಡಿಯೋ ನೀವೂ ನೋಡಿರ್ತೀರಿ. ವೈಷ್ಣೋದೇವಿ ನಾಣ್ಯ ತೋರಿಸ್ತಾರೆ. ಅದು 2012ರಲ್ಲಿ, ಅಲ್ಲಿನ ದೇವಸ್ಥಾನ ಮಂಡಳಿಗೆ 25 ವರ್ಷ ತುಂಬಿದ್ದಕ್ಕೆ ಬಂದ ಚಲಾವಣೆ ನಾಣ್ಯ, ಅಷ್ಟೇ. ನಮ್ಮ ಕಡೆಯ ಹಿರಿಯರೊಬ್ಬರು ಇದನ್ನ ನಂಬಿ ಫೋನ್ ಮಾಡಿದ್ರು. ಆ ಕಡೆಯವನು "ಲಕ್ಷ ರೆಡಿ ಇದೆ ಸಾರ್, ಮೊದಲು ನೋಂದಣಿಗೆ ಎರಡು ಸಾವಿರ ಹಾಕಿ" ಅಂದ. ಹಾಕಿದ್ರು. ಆಮೇಲೆ ಟ್ಯಾಕ್ಸ್ ಅಂದ, ಅದನ್ನೂ ಹಾಕಿದ್ರು. ಮೂರನೇ ಸಲ ಮಗನಿಗೆ ಗೊತ್ತಾಯ್ತು. 2021ರ ಆಗಸ್ಟಲ್ಲಿ ರಿಸರ್ವ್ ಬ್ಯಾಂಕು ಇದರ ಬಗ್ಗೆನೇ ಎಚ್ಚರಿಕೆ ಕೊಟ್ಟಿತ್ತು: ಹಳೇ ನೋಟು, ನಾಣ್ಯ ಕೊಳ್ಳೋ ಮಾರೋ ವ್ಯವಹಾರದಲ್ಲಿ ನಾವಿಲ್ಲ, ಕಮಿಷನ್ ಕೇಳೋ ಅಧಿಕಾರ ಯಾರಿಗೂ ಕೊಟ್ಟಿಲ್ಲ ಅಂತ. ಕೊಳ್ಳೋನು ನಿಮಗೆ ದುಡ್ಡು ಕೊಡಬೇಕು ಮಾರಾಯ್ರೆ, ನೀವು ಅವನಿಗಲ್ಲ!

ನನ್ನ ಇಂದಿರಾ ಎಂಟಾಣೆಗೂ ಲಕ್ಷ ಇಲ್ಲ. ಅದು 1985ರಲ್ಲಿ ಜನರ ಕೈಯಲ್ಲಿ ಓಡಾಡಲಿ ಅಂತಲೇ ಅಚ್ಚು ಹಾಕಿದ್ದು. ಹಾಗಂತ ಬೆಲೆ ಅನ್ನೋದೇ ಇಲ್ಲ ಅಂತಲ್ಲ. ಎಷ್ಟು ಅಚ್ಚಾಗಿತ್ತು, ಎಷ್ಟು ಸವೆದಿದೆ, ಯಾವ ಟಂಕಸಾಲೆಯದು, ಇದರ ಮೇಲೆ ಹೋಗುತ್ತೆ. ಟಂಕಸಾಲೆ ಕಂಡುಹಿಡಿಯೋದು ಮಕ್ಕಳ ಆಟದಷ್ಟು ಸುಲಭ, ನಿಜವಾಗ್ಲೂ ಮಕ್ಕಳಿಗೆ ಕಲಿಸಿ. ಇಸವಿ ಕೆಳಗೆ ನೋಡಿ. ವಜ್ರದ ಆಕಾರ ಇದ್ರೆ ಮುಂಬೈ, ನಕ್ಷತ್ರ ಇದ್ರೆ ಹೈದರಾಬಾದ್, ಚುಕ್ಕೆ ಇದ್ರೆ ನೋಯ್ಡಾ, ಏನೂ ಇಲ್ಲದಿದ್ರೆ ಕೋಲ್ಕತ್ತ. ಇನ್ನೊಂದು ಮಾತು: ಅಜ್ಜಿ ಕಾಲದ ತಾಮ್ರದ ಕಾಸು ಸಿಕ್ಕಿದ್ರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೇವರ ದೀಪಕ್ಕೆ ಅದು ಸರಿ. ನಾಣ್ಯಕ್ಕೆ ಹಾಕಿದ್ರೆ ಹೊಳಪು ಬರುತ್ತೆ, ಬೆಲೆ ಹೋಗುತ್ತೆ.

ಒಂದು ಹೊಟ್ಟೆಕಿಚ್ಚಿನ ವಿಷಯ. ಆ ಎಂಟಾಣೆ ಮೇಲೆ ಹಿಂದಿ ಇದೆ, ಇಂಗ್ಲಿಷ್ ಇದೆ. ಕನ್ನಡ ಹುಡುಕಿದೆ, ಇಲ್ಲ. ನೋಟಿನ ಹಿಂದೆಯಾದ್ರೂ ಒಂದು ಸಾಲು ಸಿಗುತ್ತೆ. ಆದ್ರೆ ಪಕ್ಕದ ಬೇಲೂರಲ್ಲಿ ದೇವಸ್ಥಾನ ಕಟ್ಟಿಸಿದ ವಿಷ್ಣುವರ್ಧನ, ಚೋಳರಿಂದ ತಲಕಾಡು ಗೆದ್ದಾಗ, ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರದಲ್ಲೇ "ಶ್ರೀ ತಲಕಾಡುಗೊಂಡ" ಅಂತ ಹಾಕಿಸಿದ. ನಾವು ಬಾಯಲ್ಲಿ ಆಡೋ ಮಾತು ನೋಡಿ. ಹಣ ಅನ್ನೋದು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. ಕಾಸು, ದುಡ್ಡು ಅಂದ್ರೆ ತಾಮ್ರದ ನಾಣ್ಯಗಳು. ಜೇಬಲ್ಲಿ ಹಳೇ ನಾಣ್ಯ ಇಲ್ಲದಿದ್ರೂ ನಾಲಿಗೆ ಮೇಲೆ ಮೂರು ಇದಾವೆ.

ಜೇಬಲ್ಲಿ ಯಾಕಿಲ್ಲ ಅಂದ್ರೆ, ಚಿಲ್ಲರೆ ತಿರುಗೋದೇ ನಿಂತಿದೆ. ಬಸ್ ಕಂಡಕ್ಟರ್ ಚೀಲ ಒಂದು ಕಾಲಕ್ಕೆ ಊರಿನ ಮ್ಯೂಸಿಯಂ ಇದ್ದ ಹಾಗೆ. ಕಡೂರು, ಮೂಡಿಗೆರೆ, ಹಾಸನ, ಎಲ್ಲ ಕಡೆಯ ಬಿಲ್ಲೆ ಅದರೊಳಗೆ. ಟಿಕೆಟ್ ಹಿಂದೆ ಬಾಕಿ ಬರೆಸ್ಕೊಂಡು, ಇಳಿಯುವಾಗ ಮರೆತು, ಬಸ್ಸು ಹೋದ ಮೇಲೆ ತಲೆ ಚಚ್ಚಿಕೊಂಡಿದ್ದು ನೆನಪಿದೆಯಾ? 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ. ಒಳ್ಳೇದೇ ಆಯ್ತು, ನಮ್ಮಮ್ಮ ಧರ್ಮಸ್ಥಳಕ್ಕೆ ಎಷ್ಟು ಸಲ ಹೋಗಿದಾರೋ ಲೆಕ್ಕ ಇಲ್ಲ. ಉಳಿದವರು ಫೋನಲ್ಲಿ ಕೊಡ್ತಾರೆ. ಆ ಚೀಲ ಈಗ ಹಗುರ. ಇದನ್ನ ತಪ್ಪು ಅಂತ ಹೇಳ್ತಿಲ್ಲ, ನಾನೂ ದಿನಾ ಸ್ಕ್ಯಾನ್ ಮಾಡೋನೇ. ಆದ್ರೆ ವಾರಕ್ಕೊಂದು ದಿನ ನಗದು ಕೊಡಿ, ಬಂದ ಚಿಲ್ಲರೆ ಎಣಿಸೋ ನೆಪದಲ್ಲಿ ತಿರುಗಿಸಿ ನೋಡಿ. ಬೇಡ ಅಂತ ಮಾತ್ರ ಹೇಳಬೇಡಿ.

ಮೊನ್ನೆ ಅದೇ ಅಂಗಡಿಗೆ ಹೋಗಿ ಬಿಲ್ಲೆ ತೋರಿಸ್ದೆ. "ಅಣ್ಣಾ, ಇದು ರೂಪಾಯಿ ಅಲ್ಲ, ಎಂಟಾಣೆ. ಇಂದಿರಾ ಗಾಂಧಿದು" ಅಂದೆ. ಕನ್ನಡಕ ಮೇಲೆ ಮಾಡಿ, ಎರಡೂ ಕಡೆ ತಿರುಗಿಸಿ ನೋಡಿದ್ರು. "ಹೌದಲ್ಲ! ಹಂಗಾದ್ರೆ ನಿಮಗೆ ಇನ್ನೂ ಎಂಟಾಣೆ ಬಾಕಿ ಕೊಡ್ಬೇಕು ನಾನು" ಅಂದ್ರು. ಬೇಡ ಬಿಡಿ ಅಂದೆ. ಕೇಳ್ಲಿಲ್ಲ. ಡಬ್ಬಿ ಮುಚ್ಚಳ ತೆಗೆದು ಒಂದು ಚಾಕ್ಲೇಟ್ ಕೈಗಿಟ್ರು.