ನೊಯ್‌ಸ್ಟಾಟ್ ಅಂದರೆ ಹೊಸೂರು

ಕೇಳುಗರಿಗೆ ನಮಸ್ಕಾರ.

ದೊಡ್ಡ ಅಟ್ಲಾಸ್ ಪುಸ್ತಕದ ಕೊನೆಯಲ್ಲಿ ಊರುಗಳ ಪಟ್ಟಿ ಇರುತ್ತದೆ, ಅಲ್ವಾ? ಸಣ್ಣ ಅಕ್ಷರ, ಪುಟದ ತುಂಬ ಹೆಸರು. ಯುರೋಪಿನ ಅಟ್ಲಾಸ್ ಸಿಕ್ಕರೆ ಅದರಲ್ಲಿ ಎನ್ ಅಕ್ಷರದ ಪುಟ ತೆಗೆದು, ಬೆರಳಿಟ್ಟು ಕೆಳಗೆ ಬನ್ನಿ. ಒಂದು ಕಡೆ ಬೆರಳು ನಿಂತುಬಿಡುತ್ತದೆ. ನೊಯ್‌ಸ್ಟಾಟ್. ಅದರ ಕೆಳಗೆ ಮತ್ತೆ ನೊಯ್‌ಸ್ಟಾಟ್. ಅದರ ಕೆಳಗೂ ಅದೇ. ಅಚ್ಚಿನ ತಪ್ಪಲ್ಲ. ಅಷ್ಟೂ ಬೇರೆ ಬೇರೆ ಊರುಗಳು.

ಜರ್ಮನ್ ಭಾಷೆಯಲ್ಲಿ ನೊಯ್ ಅಂದರೆ ಹೊಸ, ಸ್ಟಾಟ್ ಅಂದರೆ ಪಟ್ಟಣ. ನಮ್ಮ ಹೊಸೂರು, ಹೊಸಹಳ್ಳಿ, ಹೊಸಪೇಟೆ ಇದ್ದ ಹಾಗೆ. ನಮ್ಮ ಹೊಸಪೇಟೆ ಕೃಷ್ಣದೇವರಾಯ ಕಟ್ಟಿಸಿದ್ದು, ಐನೂರು ವರ್ಷ ಆದರೂ ಅದು ಹೊಸಪೇಟೆಯೇ. ಈ ನೊಯ್‌ಸ್ಟಾಟ್‌ಗಳಲ್ಲಿ ಕೆಲವಕ್ಕೆ ಎಂಟುನೂರು ವರ್ಷ ದಾಟಿದೆ.

ಯಾಕೆ ಇಷ್ಟೊಂದು ಹೊಸ ಊರುಗಳು? ಹನ್ನೆರಡು, ಹದಿಮೂರನೇ ಶತಮಾನದಲ್ಲಿ ಮಧ್ಯ ಯುರೋಪಿನಲ್ಲಿ ಜನ ಹೆಚ್ಚಾದರು. ಕಾಡು ಕಡಿದು ಹೊಲ ಮಾಡಿದರು. ವ್ಯಾಪಾರ ಬೆಳೆಯಿತು. ಆಗ ಒಬ್ಬೊಬ್ಬ ಅರಸನೂ, ಬಿಷಪ್ಪನೂ ತನ್ನ ನೆಲದಲ್ಲಿ ಒಂದು ಪಟ್ಟಣ ಕಟ್ಟಿಸಲು ಹೊರಟ. ನಡುವೆ ಸಂತೆಯ ಚೌಕ, ಸುತ್ತ ಗೋಡೆ, ನೇರ ಬೀದಿಗಳು. ಆದರೆ ಗೋಡೆ ಕಟ್ಟಿದರೆ ಸಾಕೇ, ಜನ ಬರಬೇಡವೇ? ಅದಕ್ಕೇ ಬಂದವರಿಗೆ ಮನೆ ಕಟ್ಟಲು ಜಾಗ ಕೊಟ್ಟರು. ಸಂತೆ ನಡೆಸುವ ಹಕ್ಕು ಕೊಟ್ಟರು. ಕೆಲವು ವರ್ಷ ತೆರಿಗೆ ಬೇಡ ಅಂದರು. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿತ್ತು. ಆ ಕಾಲದ ರೈತ ಒಡೆಯನ ನೆಲಕ್ಕೆ ಕಟ್ಟುಬಿದ್ದವನು. ಬಿಟ್ಟು ಹೋಗುವಂತಿರಲಿಲ್ಲ. ಅಂಥವನು ಪಟ್ಟಣಕ್ಕೆ ಬಂದು ಒಂದು ವರ್ಷ, ಒಂದು ದಿನ ಬಾಳಿದರೆ ಹಳೆಯ ಒಡೆಯ ಅವನನ್ನು ಕೇಳುವಂತಿಲ್ಲ ಅನ್ನುವ ಕಟ್ಟಳೆ ಅನೇಕ ಪಟ್ಟಣಗಳಲ್ಲಿ ಇತ್ತು. ಆ ವರ್ಷದ ಮೇಲಿನ ಒಂದು ದಿನವನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಮುನ್ನೂರ ಅರವತ್ತೈದು ದಿನ ಭಯದಲ್ಲಿ ಕಳೆದು, ಮರುದಿನ ಬೆಳಿಗ್ಗೆ ಎದ್ದಾಗ ಅವನಿಗೆ ಹೇಗನ್ನಿಸಿರಬೇಕು! ಅವನ ಬಾಯಲ್ಲಿ 'ಹೊಸ ಊರು' ಅನ್ನುವುದು ಸುಮ್ನೆ ಇಟ್ಟ ಹೆಸರಲ್ಲ. ಅದೊಂದು ಮಾತು ಕೊಟ್ಟ ಹಾಗೆ.

ಈ ಊರುಗಳಲ್ಲಿ ಒಂದು ಹುಟ್ಟಿದ ಕಥೆ ಬಲು ವಿಚಿತ್ರ. ಅದು ಆಸ್ಟ್ರಿಯಾದ ವೀನರ್ ನೊಯ್‌ಸ್ಟಾಟ್, ಅಂದರೆ ವಿಯೆನ್ನಾದ ಹತ್ತಿರದ ಹೊಸೂರು. 1192ರ ಡಿಸೆಂಬರ್ ತಿಂಗಳು. ಜೆರುಸಲೇಮಿಗಾಗಿ ಕ್ರೈಸ್ತರು ಹೂಡಿದ ಧರ್ಮಯುದ್ಧ ಮುಗಿಸಿ ಇಂಗ್ಲೆಂಡಿನ ರಾಜ ರಿಚರ್ಡ್ ಮರೆವೇಷದಲ್ಲಿ ಊರಿಗೆ ಮರಳುತ್ತಿದ್ದ. ವಿಯೆನ್ನಾ ಹತ್ತಿರ ಸಿಕ್ಕಿಬಿದ್ದ. ಆಸ್ಟ್ರಿಯಾದ ದೊರೆ ಐದನೇ ಲಿಯೋಪೋಲ್ಡನಿಗೆ ಅವನ ಮೇಲೆ ಹಳೆಯ ಸಿಟ್ಟಿತ್ತು. ಡ್ಯಾನ್ಯೂಬ್ ದಂಡೆಯ ಡ್ಯೂರ್ನ್‌ಸ್ಟೈನ್ ಕೋಟೆಯಲ್ಲಿ ಕೂಡಿಹಾಕಿದ. ಮುಂದೆ ಜರ್ಮನ್ ಚಕ್ರವರ್ತಿಗೆ ಒಪ್ಪಿಸಿದ. ರಾಜನನ್ನು ಬಿಡಿಸಿಕೊಳ್ಳಲು ಇಂಗ್ಲೆಂಡು ರಾಶಿ ರಾಶಿ ಬೆಳ್ಳಿ ತೆರಬೇಕಾಯಿತು. ಅದಕ್ಕಾಗಿ ಅಲ್ಲಿನ ಜನರ ಮೇಲೆ ಭಾರೀ ತೆರಿಗೆ ಬಿತ್ತು. ಲಿಯೋಪೋಲ್ಡನ ಪಾಲಿಗೆ ಬಂದ ಬೆಳ್ಳಿಯಲ್ಲಿ ವಿಯೆನ್ನಾದ ಕೋಟೆಗೋಡೆ ಬೆಳೆಯಿತು, 1194ರಲ್ಲಿ ಈ ಹೊಸ ಊರಿಗೆ ಅಡಿಪಾಯ ಬಿತ್ತು. ಇಂಗ್ಲೆಂಡಿನ ರೈತ ತನ್ನ ಹೆಸರೂ ಕೇಳದ ಊರಿನ ಗೋಡೆಗೆ ಕಲ್ಲು ಕೊಟ್ಟ ಹಾಗಾಯಿತು. 1459ರಲ್ಲಿ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಹುಟ್ಟಿದ್ದು ಇಲ್ಲೇ. 1751ರಲ್ಲಿ ಮರಿಯಾ ತೆರೇಸಾ ರಾಣಿ ಇಲ್ಲಿನ ಕೋಟೆಯಲ್ಲಿ ಸೈನಿಕ ಶಾಲೆ ತೆರೆದಳು. ಅದು ಇವತ್ತಿಗೂ ಇದೆ.

ಒಂದೇ ಹೆಸರಿನ ಊರು ಇಷ್ಟಿದ್ದರೆ ಗೊಂದಲ ಆಗುವುದಿಲ್ಲವೇ? ಹಿಂದಿನ ಕಾಲದಲ್ಲಿ ಅಷ್ಟು ಆಗುತ್ತಿರಲಿಲ್ಲ. ಎರಡು ದಿನದ ನಡಿಗೆಯಲ್ಲಿ ಇರುವುದು ಒಂದೇ ಹೊಸೂರಾದರೆ ಹೊಸೂರು ಅಂದರೆ ಸಾಕು. ಅಂಚೆ ಬಂತು, ರೈಲು ಬಂತು, ಆಗ ಹಾಗೆ ನಡೆಯುವುದಿಲ್ಲ. ಹೆಸರಿನ ಬಾಲಕ್ಕೆ ನದಿಯೋ ಸೀಮೆಯೋ ಬೇಕೇ ಬೇಕು. ಐಷ್ ನದಿಯ ಮೇಲಿನ ನೊಯ್‌ಸ್ಟಾಟ್. ವಾಲ್ಡ್‌ನಾಬ್ ನದಿಯ ಮೇಲಿನ ನೊಯ್‌ಸ್ಟಾಟ್. ಡ್ಯಾನ್ಯೂಬಿನ ಮೇಲಿನದು. ಸ್ಯಾಕ್ಸನಿಯದು. ಜರ್ಮನಿಯ ಕಾರುಗಳ ನಂಬರ್ ಪ್ಲೇಟಿನಲ್ಲಿ ಮೊದಲ ಅಕ್ಷರಗಳು ಜಿಲ್ಲೆಯನ್ನೋ ಪಟ್ಟಣವನ್ನೋ ಹೇಳುತ್ತವೆ. ಎನ್‌ಇಎ ಅಂದರೆ ಐಷ್ ನದಿಯ ನೊಯ್‌ಸ್ಟಾಟ್ ಕಡೆಯ ಗಾಡಿ. ಎನ್‌ಇಡಬ್ಲ್ಯೂ ಅಂದರೆ ವಾಲ್ಡ್‌ನಾಬ್ ಕಡೆಯದು. ಎನ್‌ಇಎಸ್ ಅಂದರೆ ಸಾಲೆ ನದಿಯ ಮೇಲಿನ ಬಾಡ್ ನೊಯ್‌ಸ್ಟಾಟ್ ಕಡೆಯದು. ಬರೀ ಎನ್‌ಡಬ್ಲ್ಯೂ ಅಂತಿದ್ದರೆ ದ್ರಾಕ್ಷಿ ಸೀಮೆಯ ನೊಯ್‌ಸ್ಟಾಟ್.

ಆ ದ್ರಾಕ್ಷಿ ಸೀಮೆಯ ಊರಿನ ಹೆಸರಿನ ಬಾಲವೇ ಬದಲಾಯಿತು. ಮೊದಲು ಪಕ್ಕದ ಹಾರ್ಟ್ ಬೆಟ್ಟದ ಹೆಸರಿತ್ತು. 1935ರಲ್ಲಿ ದ್ರಾಕ್ಷಿ ತೋಟಗಳ ನಡುವೆ ಹಾದುಹೋಗುವ ರಸ್ತೆಗೆ ವೈನ್ ರಸ್ತೆ ಅಂತ ಹೆಸರು ಕೊಟ್ಟರು. ಊರಿಗೆ ಆ ರಸ್ತೆಯ ಹೆಸರೇ ಅಂಟಿತು. ನನಗೆ ಮಾತ್ರ ಅಲ್ಲಿನ ಬೆಟ್ಟದ ಮೇಲಿನ ಹಂಬಾಖ್ ಕೋಟೆ ಇಷ್ಟ. 1832ರ ಮೇ ತಿಂಗಳಲ್ಲಿ ಸುಮಾರು 30,000 ಜನ ಈ ಊರಿನಿಂದ ಮೆರವಣಿಗೆಯಲ್ಲಿ ಅಲ್ಲಿಗೆ ಹತ್ತಿದರು. ಆಗ ಜರ್ಮನಿ ಒಂದು ದೇಶವಾಗಿರಲಿಲ್ಲ, ಹತ್ತಾರು ಸಂಸ್ಥಾನ. ಮಾತಾಡುವ ಸ್ವಾತಂತ್ರ್ಯ ಬೇಕು, ಒಂದು ದೇಶ ಬೇಕು ಅಂತ ಕೂಗಿದರು. ಕಪ್ಪು, ಕೆಂಪು, ಹೊನ್ನಿನ ಬಣ್ಣದ ಬಾವುಟ ಹಿಡಿದಿದ್ದರು. ಇವತ್ತಿನ ಜರ್ಮನಿಯ ಬಾವುಟದ ಬಣ್ಣಗಳು ಅವೇ.

ಐಷ್ ನದಿಯ ಕಡೆ ಹೋದರೆ ಮಾತು ಬರೀ ಮೀನಿನದು. ಸುತ್ತಲೂ ಸಾವಿರಾರು ಕೆರೆಕುಂಟೆ, ಎಲ್ಲದರಲ್ಲೂ ಕಾರ್ಪ್ ಮೀನು. ಡೋಸ್ಸೆ ನದಿಯ ನೊಯ್‌ಸ್ಟಾಟ್‌ನಲ್ಲಿ ಕುದುರೆಗಳು, 1788ರಿಂದ ಅಲ್ಲಿ ತಳಿ ಬೆಳೆಸುತ್ತಿದ್ದಾರೆ. ಗಡಿ ದಾಟಿ ಚೆಕ್ ದೇಶಕ್ಕೆ ಬಂದರೆ ಇದೇ ಹೆಸರು ಅವರ ನುಡಿಯಲ್ಲಿ ನೊವೆ ಮ್ಯೆಸ್ತೊ ಆಗುತ್ತದೆ. ಮೊರಾವಿಯಾದ ನೊವೆ ಮ್ಯೆಸ್ತೊದಲ್ಲಿ ಚಳಿಗಾಲ ಬಂತೆಂದರೆ ಹಿಮದ ಮೇಲೆ ಸ್ಕೀ ಓಟ. ಸ್ಲೊವೇನಿಯಾದಲ್ಲಿ ನೊವೊ ಮೆಸ್ತೊ. ಅದನ್ನು 1365ರಲ್ಲಿ ಆಸ್ಟ್ರಿಯಾದ ದೊರೆ ನಾಲ್ಕನೇ ರುಡಾಲ್ಫ್ ಕಟ್ಟಿಸಿ ತನ್ನ ಹೆಸರನ್ನೇ ಇಟ್ಟ. ಆದರೆ ಜನರ ಬಾಯಲ್ಲಿ ಉಳಿದಿದ್ದು ದೊರೆಯ ಹೆಸರಲ್ಲ, 'ಹೊಸ ಊರು'.

ಬಾಲ್ಟಿಕ್ ಕಡಲ ದಂಡೆಯಲ್ಲೊಂದು ನೊಯ್‌ಸ್ಟಾಟ್ ಇದೆ, ಹೋಲ್‌ಸ್ಟೈನ್ ಸೀಮೆಯದು. 1244ರ ಊರು, ಪುಟ್ಟ ಬಂದರು. 1945ರ ಮೇ 3ರಂದು ಅದರ ಎದುರಿನ ಕೊಲ್ಲಿಯಲ್ಲಿ ಕಾಪ್ ಅರ್ಕೋನಾ ಎಂಬ ದೊಡ್ಡ ಹಡಗು ನಿಂತಿತ್ತು. ಹಿಂದೆ ಸಾಹುಕಾರರು ದಕ್ಷಿಣ ಅಮೆರಿಕಕ್ಕೆ ಪ್ರಯಾಣ ಮಾಡುತ್ತಿದ್ದ ಹಡಗು. ಆ ದಿನ ಅದರಲ್ಲೂ ಪಕ್ಕದ ಹಡಗಿನಲ್ಲೂ ನಾಜಿಗಳು ತುಂಬಿದ್ದು ಸೆರೆಶಿಬಿರದ ಕೈದಿಗಳನ್ನು. ಒಳಗೆ ಯಾರಿದ್ದಾರೆ ಅಂತ ತಿಳಿಯದೆ ಬ್ರಿಟಿಷ್ ವಿಮಾನಗಳು ದಾಳಿ ಮಾಡಿದವು. ಸುಮಾರು 7,000 ಜನ ಸತ್ತರು. ಯುದ್ಧ ಮುಗಿಯಲು ಐದೇ ದಿನ ಇತ್ತು. ಅವರಲ್ಲಿ ಅನೇಕರನ್ನು ಆ ದಂಡೆಯಲ್ಲೇ ಮಣ್ಣು ಮಾಡಿದ್ದಾರೆ. ಇಂಥ ಊರನ್ನು 'ಇನ್ನೊಂದು ನೊಯ್‌ಸ್ಟಾಟ್' ಅಂತ ಹೇಳಿ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಅದೇ ವರ್ಷ ಕೆಲವು ನೊಯ್‌ಸ್ಟಾಟ್‌ಗಳು ಭೂಪಟದಿಂದಲೇ ಹೋದವು. ಆಗ ಜರ್ಮನಿಯಲ್ಲಿದ್ದ ಅಪ್ಪರ್ ಸೈಲೀಸಿಯಾ ಸೀಮೆಯ ನೊಯ್‌ಸ್ಟಾಟ್ ಪೋಲೆಂಡಿಗೆ ಸೇರಿ ಪ್ರುದ್‌ನಿಕ್ ಆಯಿತು. ಜರ್ಮನ್ ಮಾತಾಡುತ್ತಿದ್ದ ಹಳೆಯ ಜನ ಗಂಟುಮೂಟೆ ಕಟ್ಟಿ ಹೊರಡಬೇಕಾಯಿತು. ಆ ಮನೆಗಳಿಗೆ ಬಂದವರಲ್ಲಿ ಅನೇಕರು ತಾವೂ ಪೋಲೆಂಡಿನ ಪೂರ್ವ ದಿಕ್ಕಿನ ಸೀಮೆಯಲ್ಲಿ ಮನೆಮಠ ಕಳೆದುಕೊಂಡವರೇ.

1970ರ ದಶಕದ ಕೊನೆಯಲ್ಲಿ ಈ ಊರುಗಳು ಒಂದು ಗೆಳೆತನದ ಕೂಟ ಕಟ್ಟಿಕೊಂಡವು. ಯುರೋಪಿನ ನೊಯ್‌ಸ್ಟಾಟ್ ಅಂತ ಅದರ ಹೆಸರು. ಈಗ ಅದರಲ್ಲಿ ಮೂವತ್ತಕ್ಕೂ ಜಾಸ್ತಿ ಊರುಗಳಿವೆ. ಜರ್ಮನಿಯವಷ್ಟೇ ಅಲ್ಲ, ಆಸ್ಟ್ರಿಯಾ, ಚೆಕ್, ಸ್ಲೊವಾಕಿಯಾ, ಹಂಗೇರಿಯವೂ ಇವೆ. ಒಂದೊಂದು ಸಲ ಒಂದೊಂದು ಊರಿನಲ್ಲಿ ಸೇರುತ್ತಾರೆ. ಅಲ್ಲಿ ಯಾವ ಊರು ಅಂತ ಯಾರಾದರೂ ಕೇಳಿದರೆ ನೊಯ್‌ಸ್ಟಾಟ್ ಅಂದರೆ ಸಾಲದು. ಐಷ್ ಅನ್ನಬೇಕು, ಸಾಲೆ ಅನ್ನಬೇಕು, ವಾಲ್ಡ್‌ನಾಬ್ ಅನ್ನಬೇಕು. ತಮ್ಮ ನದಿಯ ಹೆಸರನ್ನೇ ಹೇಳಬೇಕು.

ನಮಸ್ಕಾರ.